ಕಂಕುಳಿನ ಕೊಳವೆ

"ಇದೂ ಸತ್ತಿದೆ," ಎಂದಳು ಗುಬ್ಬಿ, ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ. "ಪಕ್ಕದ್ದೂ ಸತ್ತಿದೆ. ಮೇಡಂ, ಈ ಔಷಧಿಗೆ ಸಾಯೋ ಹುಳಗಳೇ ಅಲ್ಲ ಇವು!"

ಹೊಟ್ಟೆಹುಳು ಸತ್ತಿತೆಂದು ಕಣ್ಣೊರೆಸಿಕೊಳ್ಳುವವರನ್ನು ನಾನು ನೋಡಿದ್ದು ಅದೇ ಮೊದಲು.

ಮೂಗು ಸೀಟಿಕೊಂಡು ಅವಳು ನನಗೆ ಜಾಗ ಬಿಟ್ಟಳು. ಬಗ್ಗಿ ನೋಡಿದೆ. ಪಾರದರ್ಶಕ ತಟ್ಟೆಯಲ್ಲಿ ಸಾಲಾಗಿ ಪುಟ್ಟ ಪುಟ್ಟ ಗುಳಿಗಳು. ಪ್ರತಿ ಗುಳಿಯಲ್ಲೂ ಬೆಚ್ಚಗಿನ ಕೆಂಪು ದ್ರಾವಣ, ಅದರ ತಳದಲ್ಲಿ ದಾರದ ತುಂಡಿನಂತೆ ನೆಟ್ಟಗೆ ಬಿದ್ದ ಹುಳು. ಗುಬ್ಬಿ ಸೂಜಿಮೊನೆಯಿಂದ ಒಂದನ್ನು ತಿವಿದಳು. ಅದು ಮಿಸುಕಲಿಲ್ಲ.

"ನಿಜವಾದ ಮೊಂಡ ಆಗಿದ್ರೆ ಈ ಹಳೇ ಔಷಧೀಲಿ ಹಾಯಾಗಿ ಈಜಾಡ್ಕೊಂಡಿರ್ಬೇಕಿತ್ತು. ಹುಳದಮ್ಮ ಹೇಳಿದ್ದು ಸುಳ್ಳಲ್ಲ, ಮೇಡಂ. ಯಾರೋ ಮೊಂಡದ ಪಂಜರಕ್ಕೆ ಸಾಧು ಹುಳ ತುಂಬಿದಾರೆ."

ಹುಳದಮ್ಮ ಎಂದರೆ ನನ್ನ ಅಕ್ಕ. ಈ ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಕರೆಯುವುದೇ ಹಾಗೆ. ಮೂರು ದಿನದ ಹಿಂದೆ ಇದೇ ಕಟ್ಟಡದ ಹಿಂದಿನ ಮೆಟ್ಟಿಲ ಬುಡದಲ್ಲಿ ತಲೆ ಒಡೆದು ಬಿದ್ದಿದ್ದ ಅವಳು ಈಗ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದಾಳೆ. ಹುಳುಗಳನ್ನು ಬೆರಕೆ ಮಾಡಿದವಳು ಅವಳೇ, ನಾಚಿಕೆ ತಾಳಲಾರದೆ ತಾನೇ ಹಾರಿಕೊಂಡಳು ಎಂದು ಇಲ್ಲಿನ ಗೋಡೆಗಳೂ ಮಾತಾಡಿಕೊಳ್ಳುತ್ತಿವೆ.

ನಾನು ವಿಮಾ ಕಂಪನಿಗಳ ಪರವಾಗಿ ಬೂದಿ ಕೆದಕುವವಳು. ಅಂಗಡಿ ತಾನಾಗಿ ಹೊತ್ತಿತೋ, ಮಾಲೀಕನೇ ಕಡ್ಡಿ ಗೀರಿದನೋ ಎಂದು ಪತ್ತೆ ಮಾಡುವುದು ನನ್ನ ಅನ್ನದ ದಾರಿ. ಎದುರಿಗೆ ನಿಂತವರು ನಕ್ಕರೂ ಅನುಮಾನ, ಅತ್ತರೂ ಅನುಮಾನ. ಅಕ್ಕ ಇದನ್ನು ಕೆಲಸ ಎನ್ನುವುದಿಲ್ಲ, ಕಾಯಿಲೆ ಎನ್ನುತ್ತಾಳೆ. "ಕನ್ನಡಿ ನೋಡ್ಕೊಂಡ್ರೂ ನಿಂಗೆ ಡೌಟು ಕಣೇ," ಎಂದು ನಗುತ್ತಿದ್ದಳು.

ಆದರೆ ಗುಬ್ಬಿಯ ಅಳು ನೋಡಿ ನಾನೇಕೋ ಕರಗಿದೆ. ಗುಬ್ಬಿ ಅಕ್ಕನ ಕೈಕೆಳಗಿನ ಸಹಾಯಕಿ. ಸಣ್ಣ ಮೈ, ಕುಪ್ಪಳಿಸುವ ನಡಿಗೆ, ಮಾತಿನ ನಡುವೆ ಉಸಿರಿಗೂ ಬಿಡುವಿಲ್ಲ. ಅಕ್ಕನೇ ಇಟ್ಟ ಹೆಸರಂತೆ. ಅಕ್ಕನ ಪರವಾಗಿ ಮಾತಾಡುವ ಒಂದೇ ಒಂದು ಬಾಯಿ ಈ ಕಟ್ಟಡದಲ್ಲಿ ಅವಳದಾಗಿತ್ತು.

ಇಲ್ಲಿ ಕೊಕ್ಕೆಹುಳು ಸಾಕುತ್ತಾರೆ. ಕರುಳಿಗೆ ಕಚ್ಚಿಕೊಂಡು ರಕ್ತ ಹೀರುವ ಜಾತಿ. ಮೋಟುಬಾಲದ, ಕೆನ್ನೆಯಲ್ಲಿ ಕಾಳು ತುಂಬಿಕೊಳ್ಳುವ ಹ್ಯಾಮ್‌ಸ್ಟರ್ ಇಲಿಗಳ ಹೊಟ್ಟೆಯೇ ಅವುಗಳ ಮನೆ. ಇಲಿಯ ಹಿಕ್ಕೆಯನ್ನು ಇದ್ದಿಲ ಪುಡಿಯೊಂದಿಗೆ ಕಲಸಿ, ತೇವ ಆರದಂತೆ ಮುಚ್ಚಿಟ್ಟರೆ ಮೊಟ್ಟೆ ಒಡೆದು ಮರಿಗಳು ಬರುತ್ತವೆ. ಮರಿಗಳನ್ನು ಇನ್ನೊಂದು ಇಲಿಗೆ ದಾಟಿಸಿದರೆ ವಂಶ ಮುಂದುವರಿಯುತ್ತದೆ. ಬೆಳೆದ ಹುಳುವನ್ನು ಗುಳಿಗೆ ಬಿಟ್ಟು, ಔಷಧಿ ಹನಿಸಿ, ಸಾಯುತ್ತದೋ ಇಲ್ಲವೋ ಎಂದು ಕಾಯುವುದು ಇಲ್ಲಿನ ಉದ್ಯೋಗ.

ವಂಶಗಳು ಎರಡು. ಅಂಗಡಿಯಲ್ಲಿ ಸಿಗುವ ಮಾಮೂಲಿ ಮಾತ್ರೆಗೆ ಸಾಯುವುದು ಸಾಧು. ಆ ಮಾತ್ರೆಗೆ ಜಗ್ಗದೆ ಬದುಕುವುದು ಮೊಂಡ. ಸಾಧುವಿನ ಕೋಣೆಯಲ್ಲಿ ಹಸಿರು ಕೋಟು, ಮೊಂಡದ ಕೋಣೆಯಲ್ಲಿ ನೀಲಿ ಕೋಟು. ಹಸಿರು ಕೋಟಿನವರು ನೀಲಿ ಕೋಣೆಯ ಬಾಗಿಲ ಹಿಡಿಯನ್ನೂ ಮುಟ್ಟುವಂತಿಲ್ಲ.

"ಒಂದು ಮನೇಲಿ ಒಂದೇ ವಂಶ," ಎಂದು ಗುಬ್ಬಿ ಅಕ್ಕನ ದನಿಯನ್ನು ಅಣಕಿಸಿ, ಮತ್ತೆ ಅಳುಮುಖ ಮಾಡಿದಳು. "ಹುಳದಮ್ಮ ದಿನಾ ಬೆಳಿಗ್ಗೆ ಇದೊಂದು ಮಾತು ಹೇಳದೆ ಕೋಟು ಹಾಕ್ತಿರ್ಲಿಲ್ಲ. ಅಂಥೋರು ಬೆರಕೆ ಮಾಡ್ತಾರಾ?"

"ಮಾಡಲ್ಲ," ಎಂದೆ. "ಹಾಗಾದ್ರೆ ನಿಜವಾದ ಮೊಂಡ ಎಲ್ಲಿ?"

"ಅದೇ ಯಾರಿಗೂ ಗೊತ್ತಿಲ್ಲ. ನಿಜವಾದ ಮೊಂಡ ಇದ್ದ ಇಲಿಗಳೆಲ್ಲ ಸತ್ತಾಯ್ತು, ಸುಟ್ಟೂ ಆಯ್ತು."

ಇಡೀ ಪ್ರಕರಣ ನಿಂತಿರುವುದು ಆ ಒಂದು ಪ್ರಶ್ನೆಯ ಮೇಲೆ. ಪ್ರಯೋಗಾಲಯ ನಡೆಸುವ ಕಂಪನಿಯ ಹೊಸ ಮಾತ್ರೆ ಮೊಂಡವನ್ನೂ ಕೊಲ್ಲುತ್ತದೆ ಎಂದು ಊರಿಗೆಲ್ಲ ಸಾರಿಯಾಗಿದೆ. ನಾಳೆ ಬೆಳಿಗ್ಗೆ ಇಟ್ಟಿಗೆ ಗೂಡಿನ ಕೆಲಸಗಾರರ ಮಕ್ಕಳಿಗೆ ಅದನ್ನು ಹಂಚುತ್ತಾರೆ. ಹಳೆಯ ಮಾತ್ರೆ ನುಂಗಿ ನುಂಗಿಯೂ ಬಿಳಿಚಿಕೊಂಡೇ ಇರುವ, ಬರಿಗಾಲಿನ ಮಕ್ಕಳು ಅವರು. ಜೀವಂತ ಮೊಂಡ ಒಂದು ಸಿಕ್ಕರೆ ಸಾಕು. ಅದರ ಮೇಲೆ ಹೊಸ ಔಷಧಿ ಹನಿಸಬೇಕು. ಹುಳು ಈಜಾಡಿದರೆ ಔಷಧಿ ಸುಳ್ಳು, ಅಕ್ಕ ನಿಜ. ಒಂದೂ ಸಿಗದಿದ್ದರೆ ಆ ಮಕ್ಕಳು ಸುಣ್ಣದ ಗುಳಿಗೆ ನುಂಗಿದಂತೆ, ನನ್ನಕ್ಕ ಎದ್ದರೂ ಏಳದಿದ್ದರೂ ಕಳ್ಳಿ.

"ಹುಳದಮ್ಮ ಮೊಂಡದ ಬೀಜ ಎತ್ತಿಡದೆ ಇರೋರಲ್ಲ," ಎಂದಳು ಗುಬ್ಬಿ. "ಎಲ್ಲಿಟ್ಟಿದಾರೆ ಅಂತ ನಿಮಗೇನಾದ್ರೂ ಹೇಳಿದಾರಾ?"

"ನನಗಾ? ನಾನು ಹುಳ ಅಂದ್ರೆ ಊಟ ಬಿಟ್ಟು ಏಳೋಳು."

"ಮಾತಿಗೆ ಮಾತು ಅಂತ ಏನಾದ್ರೂ? ಯಾರ ಹೆಸರಾದ್ರೂ?"

"ಇಲ್ಲಮ್ಮ. ಫ್ರಿಜ್ಜಲ್ಲಿ ಗಿಜ್ಜಲ್ಲಿ ಇಡಕ್ಕಾಗಲ್ವಾ?"

"ಬೆಳೆದ ಹುಳ ತಣ್ಣಗಾದ್ರೆ ಮುಗೀತು. ವಂಶ ಉಳೀಬೇಕು ಅಂದ್ರೆ ಜೀವ ಇರೋ ಹೊಟ್ಟೆನೇ ಬೇಕು."

"ಇಲಿ ಹೊಟ್ಟೆ?"

"ಇಲೀದೇ ಆಗ್ಬೇಕು ಅಂತಿಲ್ಲ. ನಾಯಿ, ಬೆಕ್ಕು, ಮನುಷ್ಯರು..." ಅವಳು ತನ್ನ ಬಲಗೈ ಚಾಚಿದಳು. ಹೆಬ್ಬೆರಳ ಬುಡದಲ್ಲಿ ಕಂದುಬಣ್ಣದ ಚುಕ್ಕೆಗಳು, ಅಂಕೆಯಿಲ್ಲದೆ ಚೆಲ್ಲಿದಂತಿದ್ದವು. "ಹೋದ ವರ್ಷ ಗ್ಲೌಸು ಹರಿದಿತ್ತು. ಮರಿಹುಳ ಚರ್ಮದಲ್ಲೇ ತೂರಿಬಿಡುತ್ತೆ ಮೇಡಂ. ಆ ತುರಿಕೆ ಶತ್ರುವಿಗೂ ಬೇಡ. ಗುರುತು ಇನ್ನೂ ಹೋಗಿಲ್ಲ."

ನಾನು ನನ್ನ ಎರಡೂ ಕೈಗಳನ್ನು ಜೇಬಿಗೆ ಸೇರಿಸಿದೆ.

ಹೊರಗೆ ಬೂಟಿನ ಸದ್ದಾಯಿತು. ಗುಬ್ಬಿ ಗಾಬರಿಯಿಂದ ಬೆಚ್ಚನೆಯ ಪೆಟ್ಟಿಗೆ ತೆರೆದು, ಬಿರಡೆ ಹಾಕಿದ ಗಾಜಿನ ಕೊಳವೆಯೊಂದನ್ನು ತೆಗೆದಳು. ಒಳಗೆ ಅದೇ ಕೆಂಪು ದ್ರಾವಣ, ಏಳೆಂಟು ಹುಳು.

"ಮೊಂಡ ಅಂತ ಹೆಸರು ಹೊತ್ತಿರೋ ಸಾಧು ಇವು. ಹೊಸ ಔಷಧಿ ಪರೀಕ್ಷೆ ಆಗಿದ್ದು ಇವುಗಳ ಜೊತೆಯವುಗಳ ಮೇಲೆ. ಸಾಕ್ಷಿಗೆ ಇಟ್ಕೊಳ್ಳಿ. ಆದ್ರೆ ಹೀಗೆ." ಅವಳು ಕೊಳವೆಯನ್ನು ಕೋಟಿನೊಳಗೆ ತೂರಿಸಿ ಎಡಗಂಕುಳಲ್ಲಿ ಸಿಕ್ಕಿಸಿ, ತೋಳನ್ನು ಪಕ್ಕೆಗೆ ಒತ್ತಿದಳು. "ಮೈಶಾಖ ಬೇಕು ಇವಕ್ಕೆ. ನಾವು ಕೋಣೆಯಿಂದ ಕೋಣೆಗೆ ಹೋಗೋದೂ ಹೀಗೇನೇ. ಎಷ್ಟು ರೂಢಿ ಅಂದ್ರೆ, ಮನೇಲಿ ಯಾರಾದ್ರೂ ಪೆನ್ನು ಕೊಟ್ರೂ ಕೈ ಕಂಕುಳಿಗೇ ಹೋಗುತ್ತೆ."

ಕೊಳವೆ ನನ್ನ ಕಂಕುಳಿಗೆ ಬಂತು. ಗಾಜು ಬೆಚ್ಚಗಿತ್ತು. ಅದಕ್ಕಿಂತ ಅದು ತಣ್ಣಗಿದ್ದರೇ ವಾಸಿಯಿತ್ತು.

"ಮೇಡಂ, ಒಂದು ಮಾತು," ಎಂದು ಗುಬ್ಬಿ ನನ್ನ ಕಿವಿಯ ಬಳಿ ಬಂದಳು. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಕೊಂಡ ಅಂತಾರಲ್ಲ, ಹಾಗೆ. ನಿಮಗೆ ಯಾರ ಮೇಲಾದ್ರೂ ಅನುಮಾನ ಬಂದ್ರೆ ಏನೂ ಹೇಳ್ದೆ ಇದನ್ನ ಅವರ ಕೈಗೆ ಕೊಡಿ. ಹುಳದ ಕೆಲಸ ಮಾಡ್ದೋರಾದ್ರೆ ಕೈ ತಾನೇ ಹೇಳುತ್ತೆ. ಆಮೇಲೆ ನನಗೊಂದು ಫೋನ್ ಮಾಡಿ."

ಬಾಗಿಲು ತೆರೆಯಿತು. ಪ್ರಯೋಗಾಲಯದ ನಿರ್ದೇಶಕರು ನಿಂತಿದ್ದರು. ಇಸ್ತ್ರಿ ಕೆಡದ ಅಂಗಿ, ಬೆಣ್ಣೆಯಲ್ಲಿ ಕೂದಲು ತೆಗೆದಂಥ ಮಾತು.

"ನೀವಿನ್ನೂ ಇಲ್ಲೇ ಇದೀರಾ? ನಿಮ್ಮಕ್ಕ ಹೇಗಿದಾರೆ? ಪಾಪ, ಈಚೆಗೆ ತುಂಬ ಸುಸ್ತಾಗಿದ್ರು. ಸುಸ್ತಾದೋರು ತಪ್ಪು ಮಾಡೋದು ಸಹಜ. ನಾವು ಅದನ್ನ ದೊಡ್ಡದು ಮಾಡೋಕೆ ಹೋಗಲ್ಲ."

"ದೊಡ್ಡದು ಮಾಡಲ್ಲ ಅಂತ ಇಡೀ ಊರಿಗೆ ಹೇಳಿದೀರಲ್ಲ, ಸಾರ್."

ಅವರು ನಕ್ಕರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ನಗು. "ಮಧ್ಯಾಹ್ನದೊಳಗೆ ಎರಡೂ ಕೋಣೆ ಖಾಲಿ ಮಾಡಿಸಿ ಹೊಗೆ ಹಾಕಿಸ್ತಿದೀವಿ. ಶುಚಿತ್ವ ನೋಡಿ. ದಯವಿಟ್ಟು ಏನನ್ನೂ ಹೊರಗೆ ಒಯ್ಯಬೇಡಿ."

"ಛೇ, ಹುಳ ಒಯ್ದು ಏನ್ ಮಾಡ್ಲಿ," ಎಂದು ಅವರ ಪಕ್ಕದಲ್ಲೇ ಹಾದುಹೋದೆ. ಎಡಗೈಯನ್ನು ಪಕ್ಕೆಗೆ ಬಿಗಿಹಿಡಿದ ನಾನು ನಡೆದ ರೀತಿ ನೋಡಿ ನನಗೆ ಬೆನ್ನುನೋವು ಎಂದುಕೊಂಡಿರಬೇಕು. "ಹುಷಾರು," ಎಂದು ಬಾಗಿಲು ಹಿಡಿದುಕೊಂಡರು.

* * *

ಆಸ್ಪತ್ರೆಯ ಮೂರನೇ ಮಹಡಿಯ ಓಣಿಯಲ್ಲಿ ಡ್ಯೂಟಿ ಡಾಕ್ಟರ್ ಎದುರಾದಳು. ನಿದ್ದೆಗೆಟ್ಟ ಕಣ್ಣಿನ ಹುಡುಗಿ, ನನಗಿಂತ ಚಿಕ್ಕವಳು.

"ಒಳ್ಳೇ ಸುದ್ದಿ. ನಿಮ್ಮಕ್ಕ ಬೆರಳು ಅಲ್ಲಾಡಿಸ್ತಿದಾರೆ. ಇವತ್ತೋ ನಾಳೆನೋ ಕಣ್ಣು ಬಿಡಬಹುದು."

ನನಗೆ ಅವಳನ್ನು ತಬ್ಬಿಕೊಳ್ಳಬೇಕೆನಿಸಿತು. ಕಂಕುಳಿನ ಕೊಳವೆ ನೆನಪಾಗಿ ಸುಮ್ಮನಾದೆ.

"ಇನ್ನೊಂದು ವಿಷಯ," ಎಂದು ಅವಳು ದನಿ ತಗ್ಗಿಸಿದಳು. "ಅವರ ಹೊಟ್ಟೇಲಿ ಕೊಕ್ಕೆಹುಳ ಇತ್ತು. ರಕ್ತ ಕಡಿಮೆ ಇದ್ದದ್ದಕ್ಕೆ ಪರೀಕ್ಷೆ ಮಾಡಿಸಿದ್ವಿ. ಸೇರಿಸಿದ ದಿನಾನೇ ಮಾಮೂಲಿ ಮಾತ್ರೆ ಅರೆದು ಮೂಗಿನ ನಳಿಗೆಯಲ್ಲಿ ಕೊಟ್ವಿ, ನಿಮ್ಮ ಭಾವಾನೇ ಒಪ್ಪಿಗೆ ಕೊಟ್ರು. ಇವತ್ತು ನೋಡಿದ್ರೆ ಪೂರ್ತಿ ಸ್ವಚ್ಛ. ಒಂದು ಮೊಟ್ಟೆನೂ ಇಲ್ಲ."

ಅವಳು ಹೊರಟುಹೋದಳು. ಗುಬ್ಬಿಯ ಮಾತು ನೆನಪಾಯಿತು.

ಜೀವ ಇರೋ ಹೊಟ್ಟೆನೇ ಬೇಕು. ನಾಯಿ, ಬೆಕ್ಕು, ಮನುಷ್ಯರು.

ಅಯ್ಯೋ, ನನ್ನ ಹುಚ್ಚಕ್ಕ! ಬೀಜವನ್ನು ಎತ್ತಿಟ್ಟದ್ದು ತನ್ನ ಹೊಟ್ಟೆಯಲ್ಲೇ. ಚಿಕ್ಕಂದಿನಲ್ಲೂ ಹಾಗೆಯೇ. ನಮ್ಮಿಬ್ಬರ ಪಾಲಿನ ಸಿಹಿಯನ್ನು ಯಾರೂ ಕದಿಯದಿರಲೆಂದು ಬಾಯೊಳಗೇ ಇಟ್ಟುಕೊಂಡು ಮಲಗುತ್ತಿದ್ದಳು. ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು.

ಹಿಂದೆಯೇ ಇನ್ನೊಂದು ಯೋಚನೆ ಬಂತು. ಬೀಜ ಈಗ ಇಲ್ಲ. ಒಂದು ಮೊಟ್ಟೆಯೂ ಇಲ್ಲ. ಒಪ್ಪಿಗೆ ಕೊಟ್ಟವರು ಭಾವ.

ಭಾವ ಗಡಿಯಾರ ರಿಪೇರಿ ಮಾಡುವವರು. ಹುಳುವೆಂದರೆ ಮೂಗು ಮುಚ್ಚಿಕೊಳ್ಳುವ ಮನುಷ್ಯ. ಅಕ್ಕ ಕೆಲಸದಿಂದ ಬಂದರೆ ಸ್ನಾನ ಆಗುವವರೆಗೆ ಲೋಟ ಮುಟ್ಟಗೊಡುವುದಿಲ್ಲ. ಊಟದ ಹೊತ್ತಿಗೆ ಅವಳು ಹುಳುವಿನ ಸುದ್ದಿ ತೆಗೆದರೆ ತಟ್ಟೆ ಹಿಡಿದು ಜಗುಲಿಗೆ ಹೋಗಿ ಕೂರುತ್ತಾರೆ. ನಾವೆಲ್ಲ ವರ್ಷಗಟ್ಟಲೆ ಇದನ್ನು ಹೇಳಿ ಹೇಳಿ ನಕ್ಕಿದ್ದೇವೆ.

ಒಳಗೆ ಹೋದಾಗ ಅವರು ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಯಾವುದೋ ನರ್ಸಿನ ಕೈಗಡಿಯಾರ ಬಿಚ್ಚಿದ್ದರು. ಚಿಮುಟದ ತುದಿಯಲ್ಲಿ ಕೂದಲಿನಷ್ಟು ತೆಳ್ಳಗಿನ ಸುರುಳಿ.

ಇಂಥ ಕೈಗೆ ಒಂದು ಪಂಜರದ ಹುಳು ಇನ್ನೊಂದಕ್ಕೆ ದಾಟಿಸುವುದು ಯಾವ ಮಹಾ ಕೆಲಸ, ಎಂದುಕೊಂಡೆ.

"ಬಾ ಪುಟ್ಟಿ," ಎಂದು ಎದ್ದರು. ಎದ್ದವರು ತೂರಾಡಿ ಮಂಚದ ಕಂಬಿ ಹಿಡಿದರು. ಮುಖ ಸುಣ್ಣದಂತೆ ಬಿಳುಪು. ಬೆಲ್ಟಿಗೆ ಹೊಸದಾಗಿ ಎರಡು ತೂತು ಹೊಡೆದಿದ್ದರು, ಆದರೂ ಪ್ಯಾಂಟು ಸಡಿಲ. ಆ ಸೆಕೆಯಲ್ಲೂ ತುಂಬುತೋಳಿನ ಅಂಗಿ, ಮಣಿಕಟ್ಟಿನವರೆಗೆ ಗುಂಡಿ. ಗಡಿಯಾರದ ಕೆಲಸಕ್ಕೆ ತೋಳು ಅಡ್ಡ ಬರುತ್ತದೆಂದು ಮದುವೆಯ ದಿನವೂ ಅರ್ಧತೋಳು ಹಾಕಿದ್ದ ಮನುಷ್ಯ ಇವರು.

ನಿದ್ದೆ ಇಲ್ಲ, ಊಟ ಇಲ್ಲ. ಹೆಂಡತಿಯ ಚಿಂತೆ ಎಂದು ನಿನ್ನೆಯವರೆಗೆ ಅಂದುಕೊಂಡಿದ್ದೆ. ಇವತ್ತು ಬೇರೇನೋ ಕಂಡಿತು. ಮಾಡಿದ್ದು ಮೈಗೆ ಹತ್ತದೆ ಬಿಡುತ್ತದೆಯೇ?

ನರ್ಸು ಅಕ್ಕನ ಕೈಗೆ ಚುಚ್ಚಿದ್ದ ಸೂಜಿ ಬದಲಿಸಲು ಬಂದಳು. "ಸ್ವಲ್ಪ ಈ ಕೈ ಎತ್ತಿ ಹಿಡ್ಕೋತೀರಾ?" ಎಂದಳು ನನಗೆ.

ಎರಡೂ ಕೈ ಬೇಕಿತ್ತು. ಕಂಕುಳಿನಿಂದ ಕೊಳವೆ ತೆಗೆದು, ದಾರಿಯಲ್ಲಿ ಸುತ್ತಿದ್ದ ಕರವಸ್ತ್ರದ ಸಮೇತ ಭಾವನ ಮುಂದೆ ಚಾಚಿದೆ. "ಭಾವ, ಇದೊಂಚೂರು ಹಿಡ್ಕೊಳ್ಳಿ."

ಪರೀಕ್ಷೆಗೆಂದೇ ಕೊಟ್ಟೆನೋ, ಕೈ ಖಾಲಿ ಬೇಕೆಂದು ಕೊಟ್ಟೆನೋ, ನಾನೇ ಹೇಳಲಾರೆ.

ಅವರು ತೆಗೆದುಕೊಂಡರು. ಏನೆಂದು ಕೇಳಲಿಲ್ಲ. ಅಂಗಿಯ ಮೇಲಿನ ಗುಂಡಿ ಬಿಚ್ಚಿ, ಕೊಳವೆಯನ್ನು ಒಳಗೆ ತೂರಿಸಿ ಎಡಗಂಕುಳಲ್ಲಿ ಸಿಕ್ಕಿಸಿ, ತೋಳನ್ನು ಪಕ್ಕೆಗೆ ಒತ್ತಿದರು. ಬಲಗೈಯಿಂದ ಅಕ್ಕನ ಹೊದಿಕೆ ಸರಿಮಾಡುತ್ತ, "ನರ್ಸಮ್ಮ, ನೋವಾಗದ ಹಾಗೆ ಚುಚ್ಚಿ," ಎಂದರು.

ಗುಬ್ಬಿ ಮಾಡಿ ತೋರಿಸಿದ್ದು ಇದನ್ನೇ.

ಅಕ್ಕನ ಬಲಗೈ ನನ್ನ ಕೈಯಲ್ಲಿತ್ತು. ತಿರುಗಿಸಿದೆ. ಮೊಣಕೈಯ ಕೆಳಗೆ, ಒಳಬದಿಯಲ್ಲಿ, ಕಂದು ಚುಕ್ಕೆಗಳು. ಗುಬ್ಬಿಯ ಕೈಮೇಲಿನಂತೆ ಚೆಲ್ಲಾಪಿಲ್ಲಿಯಲ್ಲ. ಬೆಂಕಿಪೆಟ್ಟಿಗೆಯಷ್ಟು ಅಗಲಕ್ಕೆ, ಚೌಕಾಕಾರವಾಗಿ, ಒಂದೂ ಆಚೆ ಹೋಗದಂತೆ. ಒದ್ದೆ ಬಟ್ಟೆಯಲ್ಲಿ ಮರಿಗಳನ್ನಿಟ್ಟು ಮೇಲೆ ಪಟ್ಟಿ ಕಟ್ಟಿದ ಗುರುತು. ಕೆಲವು ತಿಂಗಳ ಹಿಂದೆ ಅವಳ ಕೈಗೆ ಪಟ್ಟಿ ಇದ್ದದ್ದು ನೆನಪಾಯಿತು. "ಇಸ್ತ್ರಿ ಪೆಟ್ಟಿಗೆ ತಾಗಿತು ಕಣೇ" ಎಂದಿದ್ದಳು.

ಬಲಗೈಗೆ ಅಷ್ಟು ಬಿಗಿಯಾದ ಪಟ್ಟಿಯನ್ನು ತಾನೊಬ್ಬಳೇ ಕಟ್ಟಿಕೊಳ್ಳಲು ಸಾಧ್ಯವಿಲ್ಲ. ಕಟ್ಟಿದವರು ಇನ್ನೊಬ್ಬರು.

ನರ್ಸು ಹೋಗುವುದನ್ನೇ ಕಾದು ಬಾಗಿಲು ಹಾಕಿದೆ.

"ಭಾವ, ನಾನು ಕೊಟ್ಟಿದ್ದು ಏನು ಅಂತ ನೀವು ಕೇಳಲೇ ಇಲ್ವಲ್ಲ?"

ಅವರು ತಮ್ಮ ತೋಳಿನ ಕಡೆ ನೋಡಿಕೊಂಡರು. ಆಗಷ್ಟೇ ಗೊತ್ತಾಯಿತೆಂಬಂತೆ ತೋಳು ಸಡಿಲಿಸಿದರು, ಮತ್ತೆ ಬಿಗಿದರು. ಮುಖದಲ್ಲಿ ಇದ್ದಷ್ಟು ರಕ್ತವೂ ಇಳಿಯಿತು.

"ನಿಮ್ಮಕ್ಕ ಮಾಡೋದನ್ನ ನೋಡಿದ್ದೆ," ಎಂದರು.

"ನೋಡಿದೋರು 'ಇದೇನು, ಎಲ್ಲಿಡ್ಲಿ' ಅಂತಾರೆ. ಕೇಳದೆ ಕಂಕುಳಿಗೆ ಹೋಗೋದು ಮಾಡಿದೋರ ಕೈ. ಹುಳ ಅಂದ್ರೆ ವಾಂತಿ ಬರುತ್ತೆ ಅಂತಿದ್ರಿ. ಅದು ಯಾವ ನಾಟಕ?"

"ಮೆಲ್ಲಗೆ ಮಾತಾಡು ಪುಟ್ಟಿ."

"ಯಾಕೆ ಮೆಲ್ಲಗೆ? ಅವಳ ಹೊಟ್ಟೇಲಿ ಹುಳ ಇರೋದು ನಿಮಗೆ ಗೊತ್ತಿತ್ತು."

ಅವರು ಅಕ್ಕನ ಹೊದಿಕೆಯ ಅಂಚು ಮಡಿಚಿದರು.

"ಪಟ್ಟಿ ಕಟ್ಟಿದ್ದೂ ನೀವೇ."

"ಹೌದು."

"ಗೊತ್ತಿದ್ದೂ ಮಾತ್ರೆಗೆ ಒಪ್ಪಿಗೆ ಕೊಟ್ರಿ."

"ಅವಳ ರಕ್ತ ಕಡಿಮೆ ಆಗಿತ್ತು. ಡಾಕ್ಟರು ಜೀವಕ್ಕೆ ಅಪಾಯ ಅಂದ್ರು. ಅವಳಿಗಿಂತ ಹುಳ ಹೆಚ್ಚಾ ನನಗೆ?"

"ಅವಳ ಹೆಸರು? ನಾಳೆ ಆ ಮಕ್ಕಳು? ಇದ್ದ ಒಂದೇ ಸಾಕ್ಷೀನ ನೀವು ತೊಳೆದು ಹಾಕಿದ್ರಲ್ಲ, ಭಾವ! ಯಾರಿಗೋಸ್ಕರ? ಆ ಬೆಣ್ಣೆ ಮಾತಿನ ನಿರ್ದೇಶಕ ಏನು ಆಸೆ ತೋರಿಸಿದ?"

"ಪುಟ್ಟಿ, ತಡಿ. ಅದೇ ಒಂದೇ ಸಾಕ್ಷಿ ಅಂತ ನಿಂಗ್ಯಾರು ಹೇಳಿದ್ದು?" ಅವರು ಬಾಗಿಲ ಕಡೆ ನೋಡಿದರು, ಕಿಟಕಿಯ ಕಡೆ ನೋಡಿದರು. "ಇಲ್ಲಿ ಬೇಡ. ಈ ಗೋಡೆಗಳಿಗೆ ಕಿವಿ ಇದೆ. ಬೆಳಗ್ಗಿನಿಂದ ಇಬ್ಬರು ಬಂದು ವಿಚಾರಿಸಿ ಹೋದ್ರು. ಅವಳು ಏಳ್ಲಿ. ಯಾರಿಗೂ ಹೇಳಲ್ಲ ಅಂತ ಅವಳಿಗೆ ಮಾತು ಕೊಟ್ಟಿದೀನಿ."

ನಾನು ಎಷ್ಟೋ ಅಂಗಡಿ ಮಾಲೀಕರ ಬಾಯಲ್ಲಿ ಈ ಮಾತು ಕೇಳಿದ್ದೇನೆ. ಇಲ್ಲಿ ಬೇಡ, ಈಗ ಬೇಡ, ಮಾತು ಕೊಟ್ಟಿದ್ದೇನೆ. ಕೈಗೆ ಸೀಮೆಎಣ್ಣೆ ವಾಸನೆ ಹೊಡೆಯುತ್ತಿರುತ್ತದೆ, ಬಾಯಲ್ಲಿ ದೇವರ ಆಣೆ.

"ಮೆಟ್ಟಿಲ ಹತ್ರ ಅವತ್ತು ನೀವಿದ್ರಾ?" ಎಂದೆ.

ಭಾವ ನನ್ನನ್ನೇ ನೋಡಿದರು. ಆ ನೋಟದಲ್ಲಿ ಕೋಪ ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

"ನೀನು ಚಿಕ್ಕೋಳಿದ್ದಾಗಿಂದ ನೋಡಿದೀನಿ ನಿನ್ನ," ಎಂದರು. "ಇದನ್ನ ಕೇಳ್ತೀಯ ಅಂದ್ಕೊಂಡಿರ್ಲಿಲ್ಲ."

"ಹೊರಗೆ ಹೋಗಿ, ಭಾವ."

"ಅವಳು ಎದ್ದಾಗ ನಾನಿಲ್ದಿದ್ರೆ..."

"ಹೋಗಿ ಅಂದೆ. ಇಲ್ಲಾಂದ್ರೆ ಪೊಲೀಸರನ್ನ ಕರೀತೀನಿ. ಇನ್ನು ಇವಳ ಮಂಚದ ಹತ್ರ ನೀವು ಬರಕೂಡದು."

ಅವರು ಬಿಚ್ಚಿದ್ದ ಗಡಿಯಾರದ ಚೂರುಗಳನ್ನು ಕಾಗದದಲ್ಲಿ ಮಡಿಚಿ ಮೇಜಿನ ಮೇಲಿಟ್ಟರು. ಅಕ್ಕನ ಹಣೆಯನ್ನೊಮ್ಮೆ ಮುಟ್ಟಿದರು. ಕಂಬಿ ಹಿಡಿದು, ಗೋಡೆ ಹಿಡಿದು, ನಿಧಾನಕ್ಕೆ ಹೊರಗೆ ಹೋದರು. ಕೊಳವೆ ಅವರ ಕಂಕುಳಲ್ಲೇ ಉಳಿಯಿತೆಂಬುದು ನನಗೆ ಆಗ ಹೊಳೆಯಲೇ ಇಲ್ಲ.

ಓಣಿಗೆ ಬಂದು ಗುಬ್ಬಿಗೆ ಫೋನ್ ಮಾಡಿದೆ.

"ನೀನು ಹೇಳಿದ್ದು ಸರಿ. ಕೈ ತಾನೇ ಹೇಳ್ತು. ಭಾವ."

ಗುಬ್ಬಿ ಸುಮ್ಮನಿದ್ದದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಭಾವಾನಾ?" ಎಂದಳು ಕೊನೆಗೆ. "ಓಹೋ. ಅಲ್ಲಿಟ್ಟಿದಾರೆ. ಈಗ ಎಲ್ಲಿದಾರೆ ಅವರು?"

"ಕೆಳಗೆ ಇಳಿದು ಹೋದ್ರು."

"ನೀವು ಹುಳದಮ್ಮನ ಹತ್ರಾನೇ ಇರಿ ಮೇಡಂ. ಎಲ್ಲೂ ಹೋಗ್ಬೇಡಿ."

ಅವಳ ದನಿಯ ಹಿಂದೆ ಧ್ವನಿವರ್ಧಕ ಕೂಗುತ್ತಿತ್ತು: ರಕ್ತ ಪರೀಕ್ಷೆಗೆ ಬಂದವರು ನೆಲಮಹಡಿಯ ಎರಡನೇ ಕಿಟಕಿಗೆ ಬನ್ನಿ. ಫೋನ್ ಇಟ್ಟಳು. ನನ್ನ ತಲೆಯ ಮೇಲಿನ ಧ್ವನಿವರ್ಧಕ ಅದೇ ಸಾಲನ್ನು ಇನ್ನೂ ಮುಗಿಸುತ್ತಿತ್ತು.

ಅವಳು ಇದೇ ಕಟ್ಟಡದಲ್ಲಿದ್ದಾಳೆ. ಅಲ್ಲಿಟ್ಟಿದಾರೆ ಎಂದಳಲ್ಲ, ಏನನ್ನು? ಅಕ್ಕ ಹೇಗಿದ್ದಾಳೆಂದು ಕೇಳಲೂ ಇಲ್ಲ.

ಒಳಗಿನಿಂದ ಸಣ್ಣ ಸದ್ದು. ಓಡಿದೆ.

ಅಕ್ಕ ಕಣ್ಣು ಬಿಟ್ಟಿದ್ದಳು. ತುಟಿ ಒಣಗಿತ್ತು. ಅವಳ ದೃಷ್ಟಿ ನನ್ನನ್ನು ದಾಟಿ, ಖಾಲಿ ಸ್ಟೂಲಿನ ಮೇಲೆ ನಿಂತಿತು.

"ಅವ್ರೆಲ್ಲಿ?"

"ಅಕ್ಕಾ! ಅಕ್ಕಾ, ಮಾತಾಡ್ಬೇಡ. ಡಾಕ್ಟರನ್ನ ಕರೀತೀನಿ."

"ಅವ್ರೆಲ್ಲಿ ಕಣೇ?"

"ಕಳಿಸ್ದೆ. ಎಲ್ಲಾ ಗೊತ್ತಾಯ್ತು. ನಿನ್ನ ಹೊಟ್ಟೇಲಿದ್ದ ಮೊಂಡಾನ ಅವರೇ..."

ಅಕ್ಕ ತಲೆ ಅಲ್ಲಾಡಿಸಿದಳು. ಆ ನೋವಿನಲ್ಲೂ ಅವಳ ಮುಖದಲ್ಲಿ ಮೂಡಿದ್ದು ಚಿಕ್ಕಂದಿನಿಂದ ನಾನು ಬಲ್ಲ ಸಿಡುಕು, ತಂಗಿಗೆ ಕೂಡುವ ಲೆಕ್ಕ ಹೇಳಿಕೊಟ್ಟೂ ಬರಲಿಲ್ಲವೆಂಬ ಸಿಡುಕು.

"ಒಂದು ಮನೇಲಿ... ಒಂದೇ ವಂಶ," ಎಂದಳು. "ನನ್ನಲ್ಲಿದ್ದದ್ದು ಹೋಲಿಸೋಕೆ ಇಟ್ಟ ಸಾಧು."

ಮಾಮೂಲಿ ಮಾತ್ರೆ. ಡಾಕ್ಟರ್ ನನ್ನ ಮುಖಕ್ಕೇ ಹೇಳಿದ್ದಳು: ಮಾಮೂಲಿ ಮಾತ್ರೆ ಕೊಟ್ವಿ, ಪೂರ್ತಿ ಸ್ವಚ್ಛ. ಮೊಂಡ ಮಾಮೂಲಿ ಮಾತ್ರೆಗೆ ಸಾಯುವುದಿಲ್ಲ. ಬೆಳಿಗ್ಗೆಯೆಲ್ಲ ಅದನ್ನೇ ಕೇಳಿಸಿಕೊಂಡು, ಅದನ್ನೇ ಕಣ್ಣಾರೆ ನೋಡಿ ಬಂದವಳು ನಾನು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದೆ.

ಸುಣ್ಣದಂಥ ಮುಖ. ಬೆಲ್ಟಿನ ಹೊಸ ತೂತು. ಸೆಕೆಯಲ್ಲೂ ಬಿಚ್ಚದ ತುಂಬುತೋಳು. ಮೊಂಡ ಇದ್ದದ್ದು ಆ ಹೊಟ್ಟೆಯಲ್ಲಿ.

ಅಕ್ಕ ನನ್ನ ಮಣಿಕಟ್ಟು ಹಿಡಿದಳು. ಅಷ್ಟು ಶಕ್ತಿ ಎಲ್ಲಿತ್ತೋ. "ಗುಬ್ಬಿಗೆ ಮಾತ್ರ ಗೊತ್ತಾಗ್ಬಾರ್ದು," ಎಂದಳು. "ಮೆಟ್ಟಿಲ ಮೇಲೆ... ಅವಳೇ..."

ನಾನು ಕಿಟಕಿಯ ಬಳಿಗೆ ಓಡಿದೆ.

ಕೆಳಗೆ ಆಸ್ಪತ್ರೆಯ ಮುಂಭಾಗದಲ್ಲಿ ಪ್ರಯೋಗಾಲಯದ ಬಿಳಿ ಕಾರು ಎಂಜಿನ್ ನಿಲ್ಲಿಸದೆ ನಿಂತಿತ್ತು. ಭಾವ ಅದರ ಪಕ್ಕದಲ್ಲಿದ್ದರು. ಯಾರೋ ಅವರ ಮೊಣಕೈ ಹಿಡಿದು ಉಪಚಾರ ಮಾಡುತ್ತಿದ್ದರು, ಸುಸ್ತಾದವರನ್ನು ಮನೆಗೆ ಬಿಟ್ಟುಬರುವ ಒಳ್ಳೆಯವರಂತೆ. ಕಿಟಕಿಯ ಗಾಜು ಬಡಿದೆ. "ಭಾವಾ!" ಎಂದು ಕಿರುಚಿದೆ. ಗಾಜು ದಪ್ಪವಿತ್ತು, ತೆರೆಯಲು ಚಿಲಕವೇ ಇರಲಿಲ್ಲ.

ಕಂಕುಳಿನ ಕೊಳವೆ ಬೀಳದಂತೆ ಎಡತೋಳನ್ನು ಪಕ್ಕೆಗೆ ಒತ್ತಿಕೊಂಡು, ಹುಷಾರಾಗಿ ಬಗ್ಗಿ, ಅವರು ಒಳಗೆ ಕೂತರು.

ಬಾಗಿಲು ಹಾಕಿದ್ದು ಗುಬ್ಬಿ.